ಉಳ್ಳಾಲದ ಕಡಲಿಗೆ ಬಿಸಿಲೆಯ ಮಣ್ಣು

ಗುರುವಾರ, ಶೆಟ್ಟಿಹಳ್ಳಿ

ಸಮುದ್ರದ ಚಿತ್ರ ಬರೆಯಲು ಹಾಸನದಿಂದ ಹೊರಟವರು ಶಿರಾಡಿ ಘಾಟಿ ಇಳಿಯಬೇಕು. ನಮ್ಮಕ್ಕ ಗೊರೂರು ಕಡೆಗೆ ಕಾರು ತಿರುಗಿಸು ಅಂದಳು. ಅವಳು ಇಲ್ಲೇ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ದಸರಾ ರಜೆ ಬಂದಿತ್ತು. ನನಗೂ ಬ್ಯಾಂಕಿನಲ್ಲಿ ಒಂದಿಷ್ಟು ರಜೆ ಉಳಿದಿತ್ತು, ಕಾರಂತೂ ಇತ್ತು. ಹಾಗಾಗಿ ಡ್ರೈವರ್, ನೀರು ಹೊರುವವನು, ಛತ್ರಿ ಹಿಡಿಯುವವನು, ಎಲ್ಲಾ ನಾನೇ.

"ಸಮುದ್ರದ ಮುಂದೆನೇ ಕೂತು ಬರೀಬಾರ್ದಾ?" ಅಂತ ಕೇಳಿದ್ದಕ್ಕೆ ಒಂದು ನೋಟ್‌ಬುಕ್ ತೆಗೆದು ಕೈಗಿಟ್ಟಳು. ಜುಲೈನಲ್ಲಿ ಉಳ್ಳಾಲಕ್ಕೆ ಹೋದಾಗಿನದು. ಚಿತ್ರ ಕಡಿಮೆ, ಅಕ್ಷರ ಜಾಸ್ತಿ. ಪೆನ್ಸಿಲ್ಲಿನಲ್ಲಿ ನಾಲ್ಕು ಅಡ್ಡ ಗೆರೆ, ಪಕ್ಕದಲ್ಲಿ ಬಾಣ ಹಾಕಿ ಬರೆದದ್ದು: ದಡದ ನೀರು ಕೆಸರುಗಂದು. ನಡುವೆ ಹಸಿರು, ಆದರೆ ಎಲೆಯ ಹಸಿರಲ್ಲ. ಆಚೆ ಸೀಸದ ಬಣ್ಣ. ಆಕಾಶ ಎಲ್ಲಿ ಶುರು ಗೊತ್ತಾಗ್ತಿಲ್ಲ, ಮಳೆ.

ಮಳೆಗಾಲದ ದಡದಲ್ಲಿ ಜಲವರ್ಣ ಬರೆಯುವುದು ಆಗದ ಮಾತಂತೆ. ಗಾಳಿಗೆ ಬಣ್ಣದೊಳಗೆ ಮರಳು ಬೀಳುತ್ತೆ, ಅಲೆಯ ಹನಿ ಹಾಳೆಗೆ ಹಾರುತ್ತೆ, ಒಂದು ಕೈ ಹಾಳೆ ಹಿಡಿದುಕೊಳ್ಳೋಕೇ ಬೇಕು. "ನೋಡೋದು ಅಲ್ಲಿ ಆಯ್ತು ಕಣೋ. ಈಗ ನೀರು ಹಾಳೆ ಮೇಲೆ ಹೇಗೆ ನಡ್ಕೊಳುತ್ತೆ ಅಂತ ನೋಡ್ಬೇಕು. ಅದಕ್ಕೆ ಸಮುದ್ರನೇ ಆಗ್ಬೇಕು ಅಂತೇನಿಲ್ಲ."

ಶೆಟ್ಟಿಹಳ್ಳಿಯ ಚರ್ಚು ಎಲ್ಲರಿಗೂ ಗೊತ್ತಿರುವುದೇ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತೆ, ಬೇಸಿಗೆಯಲ್ಲಿ ಒಳಗೆ ನಡೆದು ಹೋಗಬಹುದು. ನಾವು ಹೋದಾಗ ಕಮಾನುಗಳ ಅರ್ಧದವರೆಗೂ ನೀರಿತ್ತು. ದಡದಲ್ಲಿ ಪ್ರೀ-ವೆಡ್ಡಿಂಗ್ ಶೂಟಿಂಗ್ ನಡೀತಿತ್ತು. ಗುಲಾಬಿ ಹೊಗೆ, ಹಾರುವ ಸೆರಗು, "ಸಾರ್, ಇನ್ನೊಂಚೂರು ಹತ್ರ ಬನ್ನಿ" ಅನ್ನುವ ಕ್ಯಾಮೆರಾದವನು. ಅಕ್ಕ ಚರ್ಚಿಗೆ ಬೆನ್ನು ಹಾಕಿ ಕೂತಳು. ಅವಳಿಗೆ ಬೇಕಾಗಿದ್ದು ಖಾಲಿ ನೀರು, ಅದರಾಚೆ ಮಸುಕಾದ ಒಂದು ದಡ.

ನಾನು ಹೊತ್ತು ತಂದ ಕ್ಯಾನಿನಲ್ಲಿದ್ದದ್ದು ಮನೆಯ ಬೋರ್ ನೀರು. ಎದುರಿಗೇ ಇಷ್ಟು ದೊಡ್ಡ ಹಿನ್ನೀರು ಇರುವಾಗ ಇದ್ಯಾಕೆ ಅಂದರೆ, ಅದಕ್ಕೂ ಕಾರಣ ಇದೆ. ನಮ್ಮ ಬೋರ್ ನೀರು ಗಡಸು, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತೆ. ಗಡಸು ನೀರಿನಲ್ಲಿ ಕೆಲವು ಬಣ್ಣದ ಕಣಗಳು ಒಂದಕ್ಕೊಂದು ಅಂಟಿಕೊಂಡು ಹಾಳೆಯ ಗುಳಿಗಳಲ್ಲಿ ಕೂರುತ್ತವೆ. ಬಣ್ಣ ತರಿತರಿಯಾಗಿ ಕಾಣುತ್ತೆ. ಮಳೆನೀರು ಮೆದು, ಅದರಲ್ಲಿ ಅದೇ ಬಣ್ಣ ನುಣ್ಣಗೆ ಹರಡುತ್ತೆ. ಪುಸ್ತಕಗಳಲ್ಲಿ ಶುದ್ಧ ನೀರು ಬಳಸಿ ಅಂತ ಬರೆದಿರುತ್ತಾರೆ. ಅಕ್ಕನಿಗೆ ಅಲೆಗೆ ತರಿ ಬೇಕು, ಆಕಾಶಕ್ಕೆ ನುಣುಪು ಬೇಕು. ಹಾಗಾಗಿ ಎರಡು ಥರದ ನೀರು.

ಹಾಳೆ ಹತ್ತಿಯದು, 300 ಜಿಎಸ್‌ಎಂ. ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಗುವಷ್ಟು ದಪ್ಪ. ಎರಡೂ ಬದಿ ಒದ್ದೆ ಮಾಡಿ ಒಂದು ಅಕ್ರಿಲಿಕ್ ಶೀಟಿನ ಮೇಲೆ ಹಾಸಿದಳು. ಟೇಪು ಬೇಡ, ಒದ್ದೆಗೇ ಅಂಟಿಕೊಂಡಿತು. ಆಮೇಲೆ ಬರೆಯಲಿಲ್ಲ. ತಲೆ ಓರೆ ಮಾಡಿ ಹಾಳೆಯನ್ನು ಪಕ್ಕದಿಂದ ನೋಡುತ್ತಾ ಕೂತಳು.

"ಏನ್ ನೋಡ್ತಿದೀಯ?"

"ಹೊಳಪು. ನೀರು ಚಿಮುಕಿಸಿ ದೋಸೆ ಕಾವಲಿ ನೋಡಲ್ವಾ, ಹಾಗೆ."

ಹಾಳೆ ಕನ್ನಡಿಯಾಗಿ ಹೊಳೆಯುವಾಗ ಬಣ್ಣ ಇಟ್ಟರೆ ಅದು ಎಲ್ಲಿಗೆ ಬೇಕಾದರೂ ಓಡುತ್ತೆ. ಹೊಳಪು ಸ್ವಲ್ಪ ಇಳಿದು ರೇಷ್ಮೆಯಷ್ಟಾದಾಗ ಇಟ್ಟಲ್ಲೇ ನಿಂತು ಅಂಚು ಮಾತ್ರ ಮೆತ್ತಗಾಗುತ್ತೆ. ಹೊಳಪು ಪೂರ್ತಿ ಹೋಗಿ ಮುಟ್ಟಿದರೆ ಇನ್ನೂ ತಣ್ಣಗಿರುವಾಗ ಮಾತ್ರ ಕೈ ಹಾಕಬಾರದು. ಆಗ ಬಿದ್ದ ಒಂದು ಹನಿ ನೀರು ಒಳಗಿನ ಬಣ್ಣವನ್ನು ತಳ್ಳಿಕೊಂಡು ಹೋಗಿ, ಅಂಚಿನಲ್ಲಿ ಹೂಕೋಸು ಆಕಾರದ ಕಲೆ ಮಾಡುತ್ತೆ. ಕಲೆ ಬೇಕಾದವರು ಆಗಲೇ ಹಾಕುತ್ತಾರೆ ಅನ್ನುವುದು ಬೇರೆ ಮಾತು.

ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಕಂದು. ಇವೆರಡನ್ನೂ ತಟ್ಟೆಯಲ್ಲಿ ಬೆರೆಸಲಿಲ್ಲ. ಹಾಳೆ ಮೇಲೆ ಒಂದರ ಪಕ್ಕ ಒಂದು ಇಟ್ಟು, ಬೋರ್ಡನ್ನು ತನ್ನ ಕಡೆಗೆ ವಾಲಿಸಿದಳು. ಎರಡೂ ಇಳಿದು ಬರುತ್ತಾ ಸೇರಿದವು. ಬೂದಿ ಬಣ್ಣ ಆಯಿತು, ಆದರೆ ಸತ್ತ ಬೂದಿ ಅಲ್ಲ. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಹಾಳೆಯ ಒಂದೊಂದು ಗುಳಿಯಲ್ಲೂ ನೀಲಿಯ ಚುಕ್ಕೆ ಕೂತಿತ್ತು. ಗುಳಿಯ ಸುತ್ತಲಿನ ದಿಬ್ಬದಲ್ಲಿ ಕಂದು ತೆಳ್ಳಗೆ ಬಳಿದುಕೊಂಡಿತ್ತು. ದೂರ ಬಂದರೆ ಅದು ನೀರು, ಮೋಡದ ಕೆಳಗಿನ ನೀರು. ಬ್ರಷ್ಷಿನಿಂದ ಯಾರೂ ಆ ಚುಕ್ಕೆ ಇಟ್ಟಿರಲಿಲ್ಲ.

ಸಂಜೆ ಹೊರಡುವಾಗ ಶೂಟಿಂಗಿನವರು ಬಂದು ಇಣುಕಿ ನೋಡಿದರು. "ಚರ್ಚ್ ಎಲ್ಲಿ ಮೇಡಂ?" ಅಂದ ಮದುಮಗ.

ಶುಕ್ರವಾರ, ಸಕಲೇಶಪುರ

ಮಂಜರಾಬಾದ್ ಕೋಟೆಯಿಂದ ಆಕಾಶ ತಿಳಿಯಾಗಿದ್ದರೆ ಅರಬ್ಬಿ ಸಮುದ್ರ ಕಾಣುತ್ತೆ ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ಕಂಡವರು ನನಗಂತೂ ಸಿಕ್ಕಿಲ್ಲ. 250ರ ಆಸುಪಾಸಿನ ಮೆಟ್ಟಿಲು ಹತ್ತಿ ಹೋದರೆ ಪಶ್ಚಿಮಕ್ಕೆ ಬರೀ ಮೋಡ. ಟಿಪ್ಪು 1792ರಲ್ಲಿ ಕಟ್ಟಿಸಿದ ಕೋಟೆ ಇದು, ಎಂಟು ಮೂಲೆಯ ನಕ್ಷತ್ರ. ಮೇಲಿನಿಂದ ನೋಡಿದರಷ್ಟೇ ನಕ್ಷತ್ರ. ಒಳಗೆ ನಿಂತವರಿಗೆ ಗೋಡೆ ಇದ್ದಕ್ಕಿದ್ದಂತೆ ತಿರುಗುತ್ತೆ, ಅಷ್ಟೇ.

ಇಲ್ಲಿ ಅಕ್ಕ ನೊರೆಯ ಪ್ರಯೋಗ ಮಾಡಿದಳು. ಜಲವರ್ಣದಲ್ಲಿ ಬಿಳಿ ಅಂದರೆ ಹಾಳೆಯೇ. ಮೇಲೆ ಬಿಳಿ ಬಣ್ಣ ಬಳಿಯಬಹುದು, ಹಟ ಇರುವವರು ಬಳಿಯುವುದಿಲ್ಲ. ಹಾಳೆಯ ಬಿಳಿಯನ್ನು ಮೊದಲೇ ಕಾದಿಟ್ಟುಕೊಳ್ಳಬೇಕು. ಪೇಟೆಯಲ್ಲಿ ಮಾಸ್ಕಿಂಗ್ ಫ್ಲೂಯಿಡ್ ಅಂತ ಸಿಗುತ್ತೆ, ಸಣ್ಣ ಬಾಟಲಿಗೇ ಬೆಲೆ ಜಾಸ್ತಿ. ಅದು ಮತ್ತೇನಲ್ಲ, ರಬ್ಬರ್ ಹಾಲು ಗಟ್ಟಿಯಾಗದ ಹಾಗೆ ಅಮೋನಿಯ ಸೇರಿಸಿದ್ದು. ಘಾಟಿ ಇಳಿದರೆ ನೆಲ್ಯಾಡಿ ಕಡೆ ಮರಮರಕ್ಕೂ ಚಿಪ್ಪು ಕಟ್ಟಿ ಇಳಿಸುತ್ತಾರಲ್ಲ, ಅದೇ ಹಾಲು. ಬ್ರಷ್ಷಿನಲ್ಲಿ ಹಚ್ಚಿ, ಒಣಗಿದ ಮೇಲೆ ಬಣ್ಣ ಬಳಿದು, ಕೊನೆಗೆ ಬೆರಳಿನಿಂದ ಉಜ್ಜಿ ತೆಗೆದರೆ ಕೆಳಗೆ ಬಿಳಿ ಹಾಳೆ. ಆದರೆ ಅಂಚು ಕತ್ತರಿಸಿದಷ್ಟು ಚೂಪಾಗಿ ಬರುತ್ತೆ. ನೊರೆಗೆ ಅಂಥ ಅಂಚು ಎಲ್ಲಿದೆ?

ಅದಕ್ಕೆ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಮೇಣದ ಬತ್ತಿ ತೆಗೆದುಕೊಂಡೆವು. ಒರಟು ಹಾಳೆಯ ಮೇಲೆ ಮೇಣ ಉಜ್ಜಿದರೆ ದಿಬ್ಬಗಳಿಗೆ ಮಾತ್ರ ಹತ್ತುತ್ತೆ, ಗುಳಿಗಳಿಗೆ ಹತ್ತುವುದಿಲ್ಲ. ಮೇಲೆ ನೀಲಿ ಹರಿಸಿದರೆ ಮೇಣ ಇದ್ದಲ್ಲಿ ಬಣ್ಣ ಜಾರುತ್ತೆ, ಇಲ್ಲದಲ್ಲಿ ಹಿಡಿಯುತ್ತೆ. ಚೂರುಚೂರಾದ ಬಿಳಿ. ತೊಂದರೆ ಏನೆಂದರೆ ಬಿಳಿ ಹಾಳೆಯ ಮೇಲೆ ಬಿಳಿ ಮೇಣ ಎಲ್ಲಿ ಹಚ್ಚಿದ್ದೇವೆ ಅಂತ ಕಾಣುವುದೇ ಇಲ್ಲ. ತೆಗೆಯೋಕೂ ಬರಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡೇ ಉಜ್ಜಿದಳು. "ಹೇಗೂ ಕಾಣಲ್ಲ," ಅಂದಳು.

ರಾತ್ರಿ ಹೆತ್ತೂರು ಕಡೆಯ ಒಂದು ಹೋಂಸ್ಟೇನಲ್ಲಿ ಉಳಿದೆವು. ಕಡುಬು, ಕಳಲೆ ಪಲ್ಯ. ಮನೆಯವರು ಹೇಳಿದ ಮೊದಲ ಮಾತು: "ಆನೆ ಓಡಾಡ್ತಿವೆ, ಕತ್ತಲಾಗೋದ್ರೊಳಗೆ ಬಂದ್ಬಿಡಿ." ಎರಡನೇ ಮಾತು: "ಇಂಬಳಕ್ಕೆ ಉಪ್ಪು ಇಟ್ಕೊಳ್ಳಿ."

ಶನಿವಾರ, ಬಿಸಿಲೆ

ಉಪ್ಪು ನಮ್ಮ ಹತ್ತಿರ ಮೊದಲೇ ಇತ್ತು. ಅದು ಚಿತ್ರದ ಉಪ್ಪು. ರೇಷ್ಮೆ ಹೊಳಪಿನ ಹಾಳೆಯ ಮೇಲೆ ಉದುರಿಸಿದರೆ ಒಂದೊಂದು ಹರಳೂ ಸುತ್ತಲಿನ ನೀರನ್ನು ಹೀರುತ್ತೆ, ಜೊತೆಗೆ ಬಣ್ಣವನ್ನೂ. ಒಣಗಿದ ಮೇಲೆ ಕೊಡವಿದರೆ ನಕ್ಷತ್ರದಂಥ ಬಿಳಿ ಕಲೆಗಳು. ಅಲೆ ಒಡೆದಾಗ ಹಾರುವ ಹನಿಗೆ ಹೇಳಿ ಮಾಡಿಸಿದ್ದು ಅಂತ ಎಲ್ಲರೂ ಹೇಳುತ್ತಾರೆ. ಬಿಸಿಲೆಯಲ್ಲಿ ಅದು ನಡೆಯಲಿಲ್ಲ. ಪೊಟ್ಟಣ ಬಿಚ್ಚುವ ಹೊತ್ತಿಗೇ ಉಪ್ಪು ಗಾಳಿಯ ನೀರು ಕುಡಿದು ಜಿಬಿಜಿಬಿ ಆಗಿತ್ತು. ಹಾಳೆಗೆ ಹಾಕಿದರೆ ಕರಗಿ ಹರಿದುಹೋಯಿತು. ಕೊನೆಗೆ ಇಡೀ ಪೊಟ್ಟಣ ನಮ್ಮ ಕಾಲಿಗೇ ಖರ್ಚಾಯಿತು. ಇಂಬಳಗಳು ಸಾಲಾಗಿ ಬರುತ್ತಿದ್ದವು.

ವ್ಯೂ ಪಾಯಿಂಟಿನಲ್ಲಿ ನಿಂತರೆ ಎದುರಿಗೆ ಪುಷ್ಪಗಿರಿ ಕಾಣಬೇಕು, 1712 ಮೀಟರ್. ಕಂಡಿತು, ಒಂದೆರಡು ನಿಮಿಷ. ಆಮೇಲೆ ಕೆಳಗಿನ ಕಣಿವೆಯಿಂದ ಮಂಜು ಮೇಲಕ್ಕೆ ಎದ್ದು ಬಂತು. ಬಂದದ್ದು ಹಗುರವಾಗಿ ಅಲ್ಲ, ದಡಕ್ಕೆ ಬಡಿಯುವ ವೇಗದಲ್ಲಿ. ಗುಡ್ಡದ ಭುಜ ತಾಗಿ ಮೇಲೆ ಚಿಮ್ಮಿ ಹಿಂದಕ್ಕೆ ಬಿತ್ತು. ಅಕ್ಕ ಉಳ್ಳಾಲದ ನೋಟ್‌ಬುಕ್ ತೆಗೆದು ಪಕ್ಕದಲ್ಲಿ ಇಟ್ಟುಕೊಂಡಳು. ನಾನು ಛತ್ರಿ ಹಿಡಿದೆ.

ಹಾಳೆ ಒದ್ದೆ ಮಾಡುವ ಕೆಲಸವೇ ಇರಲಿಲ್ಲ. ಬ್ಯಾಗಿನಿಂದ ತೆಗೆದು ಸ್ವಲ್ಪ ಹೊತ್ತಿಗೆಲ್ಲ ತಾನೇ ತಣ್ಣಗೆ ಮೆತ್ತಗಾಗಿತ್ತು. ಬಣ್ಣ ಇಟ್ಟಳು. ಶೆಟ್ಟಿಹಳ್ಳಿಯಲ್ಲಿ ಅರ್ಧ ಗಂಟೆಗೆ ಇಳಿದಿದ್ದ ಹೊಳಪು ಇಲ್ಲಿ ಗಂಟೆಯಾದರೂ ಇಳಿಯಲಿಲ್ಲ. ಬಣ್ಣ ಹರಿಯುತ್ತಲೇ ಇತ್ತು. ದಡ ಅಂತ ಹಾಕಿದ್ದು ಆಕಾಶಕ್ಕೆ ಹೋಯಿತು, ಆಕಾಶ ದಡಕ್ಕೆ ಬಂತು. ನಾನಾಗಿದ್ದರೆ ಹರಿದು ಎಸೆಯುತ್ತಿದ್ದೆ. ಅವಳು ಮೂಲೆ ಹಿಡಿದು ಎತ್ತಿದಳು, ಹೆಚ್ಚಿನ ನೀರು ಇನ್ನೊಂದು ಮೂಲೆಯಿಂದ ಇಳಿದುಹೋಯಿತು. ಮತ್ತೆ ಬಣ್ಣ. ಮತ್ತೆ ಎತ್ತುವುದು.

ಹಾಳೆಯನ್ನೇ ನೀರಿಗೆ ಅದ್ದಿ ತೆಗೆದು ಪದರ ಪದರವಾಗಿ ಬಣ್ಣ ಕೊಡುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಕಲ್ಕತ್ತೆಯಲ್ಲಿ ಅಬನೀಂದ್ರನಾಥ ಟಾಗೋರರು ಜಪಾನಿ ಕಲಾವಿದರ ಕೆಲಸ ನೋಡಿ ರೂಢಿಗೆ ತಂದ ವಾಶ್ ಅದು. ಅವರ ಹತ್ತಿರ ಕಲಿತವರು ನಮ್ಮ ಕೆ. ವೆಂಕಟಪ್ಪ, 1886ರಿಂದ 1965. ಊಟಿ, ಕೊಡೈಕೆನಾಲಿನ ಬೆಟ್ಟಗಳನ್ನು ಮಂಜಿನ ಸಮೇತ ಜಲವರ್ಣದಲ್ಲಿ ಹಿಡಿದವರು. ಬೆಂಗಳೂರಿನ ವೆಂಕಟಪ್ಪ ಗ್ಯಾಲರಿಗೆ ಅಕ್ಕ ಮಕ್ಕಳನ್ನು ಕರೆದುಕೊಂಡು ಹೋಗುತ್ತಿರುತ್ತಾಳೆ. "ಅವರದ್ದು ಎಷ್ಟು ಅಚ್ಚುಕಟ್ಟು ನೋಡು. ನನ್ನ ಕೈಲಿ ಆಗಲ್ಲಪ್ಪ, ನಾನು ಹರಿಯೋಕೆ ಬಿಡೋಳು," ಅಂದಳು. ಇದು ವಿನಯ ಅಂತ ನನಗೆ ಅನ್ನಿಸಲಿಲ್ಲ. ಹರಿಯೋಕೆ ಬಿಟ್ಟವಳ ಕೈ ಒಂದು ಕ್ಷಣವೂ ಸುಮ್ನೆ ಇರಲಿಲ್ಲ. ಬೋರ್ಡು ವಾಲಿಸುವುದು, ಬಟ್ಟೆಯ ತುದಿಯಿಂದ ನೀರು ಹೀರುವುದು, ಉಫ್ ಅಂತ ಊದುವುದು. ಪ್ರಯೋಗದ ಜಲವರ್ಣ ಅಂದರೆ ತನ್ನಷ್ಟಕ್ಕೇ ಆಗುವುದು ಅಂತ ತಿಳಿದವರು ಒಮ್ಮೆ ಪಕ್ಕದಲ್ಲಿ ಛತ್ರಿ ಹಿಡಿದು ನಿಲ್ಲಬೇಕು.

ಸೋನೆ ಶುರುವಾಯಿತು. ನಾನು ಛತ್ರಿ ಸರಿಸಿ ಹಾಳೆಯ ಮೇಲೆ ಹಿಡಿದರೆ, "ತೆಗಿಯೋ!" ಅಂತ ಕೂಗಿದಳು. ಆಗ ತಾನೇ ಹೊಳಪು ಇಳಿಯುತ್ತಿತ್ತಂತೆ. ಹನಿಗಳು ಹಾಳೆಗೆ ಬೀಳತೊಡಗಿದವು. ಬಿದ್ದ ಕಡೆ ಬಣ್ಣ ಹಿಂದೆ ಸರಿದು ನಡುವೆ ತಿಳಿ, ಅಂಚಿಗೆ ದಟ್ಟ ಉಂಗುರ. ಮೊದಲು ಎರಡು ಮೂರು, ಆಮೇಲೆ ಹತ್ತಿಪ್ಪತ್ತು. ಅಕ್ಕ ಎಣಿಸುತ್ತಿದ್ದಾಳೇನೋ ಅನ್ನುವಷ್ಟು ಬಗ್ಗಿ ನೋಡುತ್ತಿದ್ದಳು. "ಸಾಕು!" ಅಂದಳು, ಛತ್ರಿ ಬಂತು. ಕಡಲಿನ ಮೇಲೆ ಬೀಳುವ ಮಳೆಯನ್ನು ಮಳೆಯ ಕೈಲೇ ಬರೆಸಿದ್ದಳು. ಹೆಚ್ಚು ಕಾವ್ಯ ಮಾಡುವುದು ಬೇಡ. ಇನ್ನೊಂದು ನಿಮಿಷ ಬಿಟ್ಟಿದ್ದರೆ ಇಡೀ ಹಾಳೆ ತೊಳೆದುಹೋಗುತ್ತಿತ್ತು.

ವಾಪಸ್ ಬರುವಾಗ ಮಂಕನಹಳ್ಳಿ ಹತ್ತಿರ ಕಾರು ನಿಲ್ಲಿಸಿದೆವು. ರಿಡ್ಜ್ ಪಾಯಿಂಟ್ ಇರುವುದು ಇಲ್ಲೇ. ಬ್ರಿಟಿಷರ ಕಾಲದ ಒಂದು ಗುರುತಿನ ಕಲ್ಲು. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ ಅಂತ ತೋರಿಸುತ್ತೆ. ಕಲ್ಲಿನ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿ ಸೇರಿ, ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ. ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಅಲ್ಲಿಂದ ಉಳ್ಳಾಲದ ಪಕ್ಕ ಅರಬ್ಬಿ ಸಮುದ್ರಕ್ಕೆ. ನಡುವೆ ಇರುವುದು ಒಂದು ರಸ್ತೆಯ ಅಗಲ.

ಅಕ್ಕ ಕಲ್ಲನ್ನು ನೋಡಿದ್ದಕ್ಕಿಂತ ಪಶ್ಚಿಮದ ಮೋರಿಯನ್ನು ಜಾಸ್ತಿ ನೋಡಿದಳು. ರಸ್ತೆ ಬದಿಯ ಮಣ್ಣು ಕುಸಿದು ನೀರಿನ ಜೊತೆ ಹರಿಯುತ್ತಿತ್ತು. ನೋಟ್‌ಬುಕ್ ತೆಗೆದಳು. ದಡದ ನೀರು ಕೆಸರುಗಂದು.

"ಲೋ, ಉಳ್ಳಾಲದಲ್ಲಿ ಆ ಬಣ್ಣ ಎಲ್ಲಿಂದ ಬಂತು ಅಂದ್ಕೊಂಡೆ? ಇಲ್ಲಿಂದಾನೇ."

ಅದು ನಿಜ. ಮಳೆಗಾಲದಲ್ಲಿ ಘಟ್ಟದ ಹೊಳೆಗಳೆಲ್ಲ ಮಣ್ಣು ಹೊತ್ತುಕೊಂಡೇ ಇಳಿಯುತ್ತವೆ. ನದಿ ಸೇರುವ ಕಡೆ ಕಡಲು ದೂರದವರೆಗೆ ಕಂದಾಗುತ್ತೆ. ಉಪ್ಪಿನಕಾಯಿ ಡಬ್ಬಿ ತೊಳೆದು, ಮೋರಿಯ ಅಂಚಿನಿಂದ ಒಂದು ಹಿಡಿ ಕೆಸರು ತುಂಬಿಸಿಕೊಂಡಳು. ಎರಡು ಬಾಟಲಿಗೆ ಮಳೆನೀರು. ಪೂರ್ವದ್ದೊಂದು, ಪಶ್ಚಿಮದ್ದೊಂದು. "ನೀರು ನೀರೇ ಅಲ್ವಾ, ಎರಡ್ಯಾಕೆ?" ಅಂದೆ. "ನೀರು ನೀರೇ. ಆದ್ರೂ ಇರ್ಲಿ," ಅಂದಳು. ಈ ಆದ್ರೂ ಇರ್ಲಿ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಹೋಂಸ್ಟೇನಲ್ಲಿ ಹಾಳೆ ಒಣಗಿಸುವುದೇ ದೊಡ್ಡ ಕೆಲಸ ಆಯಿತು. "ಬಟ್ಟೆನೇ ಒಣಗಲ್ಲ ಅಕ್ಕ ಇಲ್ಲಿ, ಪೇಪರ್ ಎಲ್ಲಿ ಒಣಗುತ್ತೆ?" ಅಂತ ಆ ಮನೆಯಾಕೆ ನಕ್ಕರು. ಆಮೇಲೆ ಅವರೇ ಬಚ್ಚಲ ಹಂಡೆ ಒಲೆಯ ಪಕ್ಕ ಜಾಗ ಮಾಡಿಕೊಟ್ಟರು. ಒಲೆಗೆ ತೀರಾ ಹತ್ತಿರ ಇಟ್ಟರೆ ಒಂದು ಬದಿ ಮೊದಲು ಒಣಗಿ ಹಾಳೆ ಬಿಲ್ಲಾಗುತ್ತೆ. ದೂರ ಇಟ್ಟರೆ ಬೆಳಗ್ಗೆವರೆಗೂ ಒದ್ದೆ. ಒದ್ದೆ ಹಾಳೆಯನ್ನು ದಿನಗಟ್ಟಲೆ ಮಡಚಿಟ್ಟರೆ ಬೂಷ್ಟು ಹಿಡಿಯುತ್ತೆ. ಹಾಳೆಗೆ ಹಾಕಿದ ಜೆಲಾಟಿನ್ ಲೇಪ ಕೆಟ್ಟು, ಮುಂದೆ ಬಣ್ಣ ಹಚ್ಚಿದರೆ ಅಲ್ಲಲ್ಲಿ ಹೀರಿಕೊಂಡು ಕಲೆಯಾಗುತ್ತೆ. ಹಾಗಾಗಿ ರಾತ್ರಿ ಊಟ ಆದ ಮೇಲೂ ಎದ್ದೆದ್ದು ಹೋಗಿ ಹಾಳೆ ತಿರುಗಿಸಿ ಬಂದೆವು. ಇಂದಿಗೂ ಆ ಚಿತ್ರ ಮೂಸಿದರೆ ಹೊಗೆಯ ವಾಸನೆ.

ಭಾನುವಾರ, ಚಿಕ್ಕಮಗಳೂರು

ಮೂಡಿಗೆರೆ ಮೇಲೆ ಚಿಕ್ಕಮಗಳೂರಿಗೆ ಬಂದೆವು. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ. ಅಲ್ಲಿಗೆ ಹೋಗೋಣ ಅಂದರೆ ಅಕ್ಕನಿಗೆ ಮುಳ್ಳಯ್ಯನಗಿರಿಯ ಗಾಳಿ ಬೇಕಿತ್ತು.

ಭಾನುವಾರ ಮುಳ್ಳಯ್ಯನಗಿರಿಗೆ ಹೋಗಬಾರದು. ಇಷ್ಟು ಹೇಳಿದರೆ ಸಾಕು ಅನ್ನಿಸುತ್ತೆ. ಕಾರಿನ ಹಿಂದೆ ಕಾರು, ಒಂದು ತಿರುವಿನಲ್ಲಿ ನಿಂತವರು ಮಧ್ಯಾಹ್ನದವರೆಗೂ ಅಲ್ಲೇ. ಕರ್ನಾಟಕದ ಅತಿ ಎತ್ತರದ ಶಿಖರ, 1930 ಮೀಟರ್. ಅಲ್ಲಿ ನಿಂತು ಜನ ನೋಡಿದ್ದು ಮುಂದಿನ ಕಾರಿನ ನಂಬರ್ ಪ್ಲೇಟು.

ಆದರೂ ಒಂದು ಇಳಿಜಾರಿನಲ್ಲಿ ಜಾಗ ಸಿಕ್ಕಿತು. ಬಿಸಿಲೆಯದ್ದಕ್ಕೆ ಪೂರ್ತಿ ಉಲ್ಟಾ. ಇಲ್ಲಿನ ಗಾಳಿಗೆ ಹಾಳೆ ಬ್ರಷ್ ಎತ್ತುವುದರೊಳಗೆ ಒಣಗುತ್ತಿತ್ತು. ಅಂಚುಗಳೆಲ್ಲ ಗಟ್ಟಿ. ಅಕ್ಕ ಅದನ್ನೇ ಹಿಡಿದಳು. ಒಣ ಹಾಳೆ, ಹಿಂಡಿದ ಚಪ್ಪಟೆ ಬ್ರಷ್. ಪಕ್ಕಕ್ಕೆ ಮಲಗಿಸಿ ಸರ್ರನೆ ಎಳೆದರೆ ಬಣ್ಣ ದಿಬ್ಬದಿಂದ ದಿಬ್ಬಕ್ಕೆ ಹಾರಿಕೊಂಡು ಹೋಯಿತು, ನಡುವೆ ಬಿಳಿ ಉಳಿಯಿತು. ಬಿಸಿಲಿನಲ್ಲಿ ಮಿರುಗುವ ನೀರು ಹಾಗೇ ಬರುವುದಂತೆ. ಎದುರಿಗೆ ಇದ್ದದ್ದು ಹುಲ್ಲುಗಾವಲು, ಅದರ ಮಡಿಕೆಗಳಲ್ಲಿ ಶೋಲಾ ಕಾಡು, ಬೆಟ್ಟದ ಹಿಂದೆ ಬೆಟ್ಟ. ಹತ್ತಿರದ್ದು ಹಸಿರು, ಅದರ ಹಿಂದಿನದು ನೀಲಿ, ಅದರಾಚೆಯದು ತಿಳಿ ನೀಲಿ. ಹಾಳೆಯ ಮೇಲೆ ಬಂದದ್ದು ಮಾತ್ರ ಮಧ್ಯಾಹ್ನದ ಕಡಲು. ಹಿಂದೆ ನಿಂತು ನೋಡುತ್ತಿದ್ದ ಒಬ್ಬ ಹುಡುಗ ಬೆಟ್ಟವನ್ನೊಮ್ಮೆ, ಹಾಳೆಯನ್ನೊಮ್ಮೆ ನೋಡಿ ಏನೂ ಹೇಳದೆ ಹೋದ.

ಸೋಮವಾರ, ಕೆಮ್ಮಣ್ಣುಗುಂಡಿ

ಚಿಕ್ಕಮಗಳೂರಿನಿಂದ ಸುಮಾರು 60 ಕಿಲೋಮೀಟರ್. ಇಲ್ಲಿನ ಕಬ್ಬಿಣದ ಅದಿರೇ ಹಿಂದೆ ಭದ್ರಾವತಿಗೆ ಹೋಗುತ್ತಿದ್ದದ್ದು. ವಿಶ್ವೇಶ್ವರಯ್ಯನವರ ಕನಸಿನ ಕಾರ್ಖಾನೆ, 1918ರಲ್ಲಿ ಶುರುವಾದದ್ದು. ಈಗ ತೋಟಗಾರಿಕೆ ಇಲಾಖೆಯ ಹೂದೋಟ, ಗುಲಾಬಿ, ವ್ಯೂ ಪಾಯಿಂಟ್. ಆದರೆ ರಸ್ತೆಯ ಬದಿ ಎಲ್ಲಿ ಕಡಿದಿದ್ದರೂ ಒಳಗೆ ಕೆಂಪು. ಚಕ್ರ ಕೆಂಪು, ಚಪ್ಪಲಿ ಕೆಂಪು. ಅಕ್ಕನ ಸೀರೆಯ ಅಂಚು ಇನ್ನೂ ಬಿಟ್ಟಿಲ್ಲ.

ಮಣ್ಣಿಗೆ ಕೆಂಪು ಕೊಡುವುದು ಕಬ್ಬಿಣದ ತುಕ್ಕು. ನೀರಿನ ಅಂಶ ಸೇರಿದ ತುಕ್ಕಾದರೆ ಹಳದಿ. ಹಳದಿ ಮಣ್ಣನ್ನು ಬೆಂಕಿಯಲ್ಲಿ ಸುಟ್ಟರೆ ನೀರಿನ ಅಂಶ ಹೋಗಿ ಕೆಂಪಾಗುತ್ತೆ. ಟ್ಯೂಬಿನ ಮೇಲೆ ಬರ್ನ್ಟ್ ಸಿಯೆನ್ನಾ ಅಂತ ಬರೆದಿರುವುದು ಮೂಲದಲ್ಲಿ ಇಂಥ ಸುಟ್ಟ ಮಣ್ಣೇ. ಬಿಸಿಲಿಗೆ ಇದು ಮಾಸುವುದಿಲ್ಲ. ಭೀಮ್‌ಬೆಟ್ಕಾ ಗುಹೆಗಳ ಕೆಂಪು ಗೂಳಿಗಳು ಸಾವಿರಾರು ವರ್ಷ ಉಳಿದದ್ದು ಹೀಗೇ. ಈಗ ಕಾಫಿ ಡಿಕಾಕ್ಷನ್ನಿನಲ್ಲಿ ಚಿತ್ರ ಬರೆಯುವುದು ಫ್ಯಾಶನ್ ಆಗಿದೆ. ಚಿಕ್ಕಮಗಳೂರಿನಲ್ಲಂತೂ ಕೇಳಬೇಕಾ? ನೋಡೋಕೆ ಚೆಂದ, ಆದರೆ ಬೆಳಕಿಗಿಟ್ಟರೆ ವರ್ಷ ಕಳೆಯುತ್ತಾ ಮಾಸುತ್ತೆ. ಅಕ್ಕ ಕಾಫಿಯನ್ನು ಕುಡಿಯುತ್ತಾಳೆ, ಅಷ್ಟೇ.

ತೋಟದ ಹೊರಗೆ, ಘಾಟಿ ರಸ್ತೆಯ ಪಕ್ಕ ಕುಸಿದು ಬಿದ್ದಿದ್ದ ಮಣ್ಣಿನಿಂದ ಒಂದು ಹಿಡಿ ತೆಗೆದುಕೊಂಡಳು. ಬಿಸಿಲೆಯ ಡಬ್ಬಿಯ ಪಕ್ಕದಲ್ಲಿಟ್ಟರೆ ಅದು ಪೆಚ್ಚಾಗಿ ಕಂಡಿತು. ಇದರ ಕೆಂಪು ಅಷ್ಟು ಜೋರು.

"ಉಳ್ಳಾಲಕ್ಕೆ ಇದನ್ನೇ ಹಾಕ್ತೀನಿ," ಅಂದಳು.

ನಾನು ಬ್ಯಾಂಕಿನವನು, ಲೆಕ್ಕ ಸರಿ ಇರಬೇಕು. "ಈ ಮಣ್ಣು ಉಳ್ಳಾಲಕ್ಕೆ ಹೋಗಲ್ಲಕ್ಕ. ಇಲ್ಲಿನ ನೀರು ಭದ್ರೆಗೆ. ಭದ್ರೆ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ. ಇದು ಬಂಗಾಳ ಕೊಲ್ಲಿ ಮಣ್ಣು."

ಅಕ್ಕ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. "ನಿನ್ನ ಕರ್ಕೊಂಡು ಬರಬಾರ್ದಿತ್ತು," ಅಂದಳು.

ಬುಧವಾರ, ಹಾಸನ

ಮಣ್ಣು ಬಣ್ಣವಾಗುವುದು ನಿಧಾನದ ಕೆಲಸ. ಮೊದಲು ಎರಡೂ ಮಣ್ಣನ್ನು ಬೇರೆ ಬೇರೆ ಪಾತ್ರೆಯಲ್ಲಿ ನೀರು ಹಾಕಿ ಕದಡಿದಳು. ಸ್ವಲ್ಪ ಹೊತ್ತು ಬಿಟ್ಟರೆ ಮರಳು ತಳಕ್ಕೆ ಇಳಿಯುತ್ತೆ. ಮೇಲಿನ ಕದಡಿದ ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಬೇಕು. ಅಲ್ಲೂ ಮತ್ತೆ ಅದೇ. ಕೊನೆಗೆ ಉಳಿಯುವುದು ಬೆರಳಿಗೆ ತರಿ ಸಿಗದಷ್ಟು ನುಣುಪಾದ ಕೆಸರು. ಅದನ್ನು ರಾತ್ರಿಯೆಲ್ಲ ಕೂರಿಸಿ, ತಿಳಿ ನೀರು ಚೆಲ್ಲಿ, ಬಿಸಿಲಿಗಿಟ್ಟಳು. ಅಮ್ಮ ಬಂದು ನೋಡಿ, "ಆ ಪಾತ್ರೇಲಿ ಇನ್ನು ಸಾರು ಮಾಡೋ ಹಾಗಿಲ್ಲ," ಅಂದರು.

ಗ್ರಂಧಿಗೆ ಅಂಗಡಿಯಿಂದ ಗೋಂದು ತಂದದ್ದು ನಾನು. ಒಂದು ಪಾಲು ಗೋಂದಿಗೆ ಎರಡು ಪಾಲು ಬಿಸಿನೀರು, ಕರಗಿದ ಮೇಲೆ ಬಟ್ಟೆಯಲ್ಲಿ ಸೋಸುವುದು. ಬಣ್ಣ ಒಣಗಿ ಬಿರುಕು ಬಿಡದಿರಲಿ ಅಂತ ಸ್ವಲ್ಪ ಜೇನು. ಬೂಷ್ಟು ಬರದಿರಲಿ ಅಂತ ಒಂದೆರಡು ತೊಟ್ಟು ಲವಂಗದ ಎಣ್ಣೆ. ಹಳೆಯ ಕಿಟಕಿ ಗಾಜಿನ ಮೇಲೆ ಮಣ್ಣಿನ ಪುಡಿ, ಗೋಂದಿನ ನೀರು ಹಾಕಿ, ತಳ ಚಪ್ಪಟೆಯಾದ ಗಾಜಿನ ಪೇಪರ್‌ವೇಟಿನಲ್ಲಿ ಅರೆಯತೊಡಗಿದಳು. ಶುರುವಿನಲ್ಲಿ ಹಲ್ಲು ಜುಂ ಅನ್ನಿಸುವ ಕರಕರ ಸದ್ದು. ಸುತ್ತು ಹಾಕುತ್ತಾ ಹೋದಂತೆ ಸದ್ದು ತೆಳುವಾಯಿತು. ಸದ್ದು ಪೂರ್ತಿ ನಿಂತು, ಪೇಪರ್‌ವೇಟು ಗಾಜಿಗೆ ಅಂಟಿ ಎಳೆದಾಗ "ಆಯ್ತು" ಅಂದಳು. ಬಣ್ಣ ಆಯಿತೋ ಇಲ್ಲವೋ ಅಂತ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತೆ ಅನ್ನುವುದು ನನಗೆ ಹೊಸದು.

ಬಿಸಿಲೆಯ ಹೊಗೆ ವಾಸನೆಯ ಹಾಳೆ, ಮಳೆ ಹನಿಯ ಉಂಗುರಗಳಿದ್ದದ್ದು, ಅದನ್ನೇ ಮೇಜಿಗೆ ಹಾಕಿದಳು. ಮಿಕ್ಕ ಹಾಳೆಗಳಲ್ಲಿ ಕೆಲವನ್ನು ಆಗಲೇ ಹರಿದಿದ್ದಳು. ಮುಳ್ಳಯ್ಯನಗಿರಿಯದ್ದರಲ್ಲಿ ಒಂದು ಅಂಗೈಯಗಲದ ಮೂಲೆ ಮಾತ್ರ ಕತ್ತರಿಸಿ ಇಟ್ಟುಕೊಂಡಿದ್ದಾಳೆ. ನನಗೆ ಇಷ್ಟವಾಗಿದ್ದ ಮೇಣದ ನೊರೆಯ ಚಿತ್ರವೂ ಹೋಯಿತು. ಕೇಳಿದರೆ, "ಅದು ಮೇಣ ಅಂತ ಗೊತ್ತಾಗ್ತಿತ್ತು," ಅಂದಳು. ಈ ವಿಷಯದಲ್ಲಿ ನನಗೆ ಇನ್ನೂ ಸಮಾಧಾನವಿಲ್ಲ. ಚೆನ್ನಾಗಿತ್ತು ಅದು.

ಮೊದಲು ಒಂದು ಚೂರು ಹಾಳೆಯ ಮೇಲೆ ಎರಡೂ ಮಣ್ಣನ್ನು ಹಚ್ಚಿ ನೋಡಿದಳು. ಕೆಮ್ಮಣ್ಣು ಎದ್ದು ನಿಂತಿತು. ದಡದಲ್ಲಿ ಹಾಕಿದರೆ ಕಡಲು ಹಿಂದೆ ಹೋಗಿ ಕೆಂಪೊಂದೇ ಕಾಣುತ್ತೆ. ಬಿಸಿಲೆಯದು ಕೆಂಪೂ ಅಲ್ಲ, ಹಳದಿಯೂ ಅಲ್ಲ, ಕಾಡಿನ ಕೊಳೆತ ಎಲೆಯ ಕಪ್ಪು ಬೇರೆ ಸೇರಿದ ಮಂಕು ಬಣ್ಣ. ನೋಟ್‌ಬುಕ್ಕಿನ ಆ ಸಾಲಿನ ಪಕ್ಕ ಹಿಡಿದರೆ ಸರಿಹೋಯಿತು. ದಡಕ್ಕೆ ಅದನ್ನೇ ಹರಿಸಿದಳು, ಪಶ್ಚಿಮದ ಬಾಟಲಿಯ ನೀರಿನಲ್ಲಿ. ನಾನು ನಗಲಿಲ್ಲ.

ಕೆಮ್ಮಣ್ಣು ಹಾಳಾಗಲಿಲ್ಲ. ಅಲ್ಟ್ರಾಮರೀನಿಗೆ ಒಂದು ತೊಟ್ಟು ಬೆರೆತು ಮೇಲೆ ಮೋಡಕ್ಕೆ ಹೋಯಿತು. ಗುಳಿಗಳಲ್ಲಿ ನೀಲಿ, ದಿಬ್ಬಗಳಲ್ಲಿ ಕೆಂಪು, ದೂರಕ್ಕೆ ಮಳೆ ಹೊತ್ತ ಬೂದಿ.

"ಬಂಗಾಳ ಕೊಲ್ಲಿ ಮೋಡ ಇಲ್ಲಿ ತನಕ ಬರುತ್ತಲ್ವಾ?" ಅಂತ ನನ್ನ ಕಡೆ ತಿರುಗಿದಳು. ಬರುತ್ತೆ. ಹಿಂಗಾರು ಅದೇ ಕಡೆಯಿಂದಲ್ಲವೇ. ಲೆಕ್ಕ ಸರಿಯಾಯಿತು.

ಚಿತ್ರ ಮುಗಿದಿಲ್ಲ. ದಡ ಬಂದಿದೆ, ಮೋಡ ಬಂದಿದೆ. ನಡುವಿನ ಹಸಿರು, ಎಲೆಯ ಹಸಿರಲ್ಲದ್ದು, ಅದು ಬಂದಿಲ್ಲ. ಹಾಳೆಯಲ್ಲಿ ಆ ಪಟ್ಟಿ ಖಾಲಿ ಇದೆ. ಟ್ಯೂಬಿನ ಯಾವ ಹಸಿರೂ ಅಕ್ಕನಿಗೆ ಒಪ್ಪಿಗೆಯಿಲ್ಲ. ಯಾವುದರಿಂದ ಮಾಡುತ್ತಾಳೋ, ಅದಕ್ಕೆ ಎಲ್ಲಿಗೆ ಹೋಗಬೇಕೋ ಇನ್ನೂ ಹೇಳಿಲ್ಲ. ಕಾರು ಸರ್ವಿಸ್ ಮಾಡಿಸಿಡು ಅಂತ ಮಾತ್ರ ಹೇಳಿದ್ದಾಳೆ.